ಕೊಟ್ಟ ಕಾಲು

ದಾನ ಕೊಟ್ಟವನಿಗೆ ಆ ದಾನದ ಬಳಕೆಯ ಮೇಲೆ ಎಷ್ಟು ಹಕ್ಕಿದೆ? ಪುಸ್ತಕದಲ್ಲಿ ಓದಿ ಮರೆಯಬಹುದಾದ ಈ ಪ್ರಶ್ನೆ ಬಾಣಾವರದ ನಮ್ಮ ಓಣಿಯಲ್ಲಿ ಒಬ್ಬ ಹುಡುಗನ ಬಲಗಾಲಿನ ರೂಪದಲ್ಲಿ ನಮ್ಮೆದುರು ಬಂದು ನಿಂತಿತು.

ಹುಡುಗ ಒಂಬತ್ತನೇ ವಯಸ್ಸಿನಲ್ಲಿ ಟೆಂಪೋದಿಂದ ಬಿದ್ದು ಮೊಣಕಾಲಿನ ಕೆಳಗೆ ಪೆಟ್ಟು ಮಾಡಿಕೊಂಡಿದ್ದ. ಮೂಳೆ ಕೂಡಿಕೊಂಡಿತು. ಆದರೆ ಮಕ್ಕಳ ಮೂಳೆಯ ತುದಿಯಲ್ಲಿ ಅದನ್ನು ಉದ್ದಕ್ಕೆ ಬೆಳೆಸುವ ಮೆದು ಪದರವೊಂದಿರುತ್ತದೆ, ಅದು ಹಾಳಾಗಿತ್ತು. ಎಡಗಾಲು ಬೆಳೆಯಿತು, ಬಲಗಾಲು ಹಿಂದೆ ಉಳಿಯಿತು. ಹದಿನಾರು ತುಂಬುವಷ್ಟರಲ್ಲಿ ನಾಲ್ಕು ಸೆಂಟಿಮೀಟರ್ ವ್ಯತ್ಯಾಸ. ತಂದೆ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಆಪರೇಷನ್ನಿಗೆ ಎಲ್ಲಿಂದ ತರಬೇಕು? ಓಣಿಯವರು ಸೇರಿ ಚಂದಾ ಎತ್ತಿದೆವು. ಹೊಲಿಗೆ ಮಾಡುವ ಹೆಂಗಸರು ಕೊಟ್ಟರು, ಗಲ್ಫಿನಲ್ಲಿದ್ದವರು ಕಳಿಸಿದರು. ಪೇಟೆಯ ಲಿಂಗಾಯತ ವ್ಯಾಪಾರಿಯೊಬ್ಬರು ಹೆಸರು ಬರೆಯಬೇಡಿ ಎಂದು ಹೇಳಿ ಎಲ್ಲರಿಗಿಂತ ಹೆಚ್ಚು ಕೊಟ್ಟರು. ನಾವು ಹೆಸರು ಬರೆಸಿಯೇ ಕೊಟ್ಟೆವು.

ಬೆಂಗಳೂರಿನಿಂದ ಹುಡುಗ ಕಾಲಿಗೆ ಉಕ್ಕಿನ ಬಳೆಗಳನ್ನು ತೊಟ್ಟು ಬಂದ. ಇದು ಸೋವಿಯತ್ ವೈದ್ಯ ಗಾವ್ರಿಲ್ ಇಲಿಜರೋವ್ 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನಿನಲ್ಲಿ ಬೆಳೆಸಿದ ವಿಧಾನ. ಮೂಳೆಯನ್ನು ಕತ್ತರಿಸಿ, ತಂತಿಗಳನ್ನು ಅದರೊಳಗಿಂದ ಹಾಯಿಸಿ ಬಳೆಗಳಿಗೆ ಬಿಗಿಯುತ್ತಾರೆ. ಕೆಲವು ದಿನ ಬಿಟ್ಟು ತುಂಡುಗಳನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ದೂರ ಸರಿಸುತ್ತಾರೆ. ಆ ಬಿರುಕಿನಲ್ಲಿ ಹೊಸ ಮೂಳೆ ಹುಟ್ಟುತ್ತದೆ. ಒಂದೇ ಸಲ ಒಂದು ಮಿಲಿಮೀಟರ್ ಅಲ್ಲ. ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ತಾಯಿಯೇ ಸ್ಪ್ಯಾನರ್ ಹಿಡಿದು ತಿರುಗಿಸುತ್ತಿದ್ದಳು, ನಲವತ್ತು ದಿನ. ಮೂಳೆ ಬೆಳೆದಷ್ಟು ಸಲೀಸಾಗಿ ಸ್ನಾಯು ಬೆಳೆಯುವುದಿಲ್ಲ. ಮೀನಖಂಡ ಬಿಗಿದು ಹಿಮ್ಮಡಿ ನೆಲ ಬಿಟ್ಟು ಮೇಲೇಳುತ್ತದೆ. ಅದಕ್ಕೆ ದುಪಟ್ಟಾವನ್ನು ಪಾದಕ್ಕೆ ಸುತ್ತಿ ತನ್ನ ಕಡೆ ಎಳೆದುಕೊಳ್ಳುವ ವ್ಯಾಯಾಮ. ಆ ಮನೆಯಿಂದ ಸಂಜೆ ಹೊತ್ತು ಕೇಳುತ್ತಿದ್ದ ನರಳಾಟ ನಮ್ಮ ಊಟದ ತಟ್ಟೆಯವರೆಗೂ ಬರುತ್ತಿತ್ತು. ತಂತಿ ತೂರಿದ ಜಾಗದಲ್ಲಿ ಕೀವು, ಜ್ವರ, ಮತ್ತೆ ರೈಲು ಹತ್ತಿ ಬೆಂಗಳೂರು. ಆರೇಳು ತಿಂಗಳಾದ ಮೇಲೆ, ಎಕ್ಸ್‌ರೇಯಲ್ಲಿ ಹೊಸ ಮೂಳೆಯ ಗೋಡೆ ಗಟ್ಟಿಯಾಗಿದೆ ಎಂದು ಕಂಡ ಬಳಿಕ, ಬಳೆ ಬಿಚ್ಚಿದರು.

ಎರಡು ಕಾಲೂ ಸಮ ಊರಿ ಅವನು ಓಣಿಯಲ್ಲಿ ನಡೆದ ದಿನ ನಾವು ಶೀರ್‌ಖುರ್ಮಾ ಮಾಡಿಸಿ ಹಂಚಿದೆವು. ಹಬ್ಬವಿರಲಿಲ್ಲ. ಆ ಗುಂಗಿನಲ್ಲೇ ಹುಡುಗ ಹೇಳಿದ, "ಚಾಚಾ, ನಾನು ಕಬಡ್ಡಿ ಆಡ್ತೀನಿ."

ನಮ್ಮ ಮುಖಗಳು ಸಪ್ಪಗಾದವು. ವಾಲಿಬಾಲ್ ಎಂದಿದ್ದರೆ ಸುಮ್ಮನಿರುತ್ತಿದ್ದೆವೋ ಏನೋ. ಕಬಡ್ಡಿಯಲ್ಲಿ ಎದುರಾಳಿ ಮೊದಲು ಹಿಡಿಯುವುದೇ ಕಣಕಾಲನ್ನು. ಡಾಕ್ಟರು ಹೇಳಿದ್ದು ಇಷ್ಟು: ಮೊದಲು ಸೈಕಲ್ಲು, ಈಜು, ತಂತಿಯ ತೂತುಗಳು ತುಂಬಿ ಮೂಳೆ ಗಟ್ಟಿಯಾದ ಮೇಲೆ ಓಟ, ಕಾಲು ತಿರುಚುವ ಆಟಗಳು ಇನ್ನೊಂದು ವರ್ಷ ಬೇಡ. ನಮಗೆ ಕೇಳಿಸಿದ್ದು ಕೊನೆಯ 'ಬೇಡ' ಮಾತ್ರ. ಅದರ ಹಿಂದಿದ್ದ 'ಒಂದು ವರ್ಷ' ಕಿವಿಗೆ ಬೀಳಲೇ ಇಲ್ಲ. "ಇಷ್ಟೊಂದು ಖರ್ಚು ಮಾಡಿದ್ದು ಮತ್ತೆ ಮುರಿದುಕೊಳ್ಳೋದಕ್ಕಾ? ಖೇಲ್ ಕೂದ್ ಬಸ್ ಕರ್ ರೇ" ಎಂದೆವು. ಅವನು ತಲೆ ತಗ್ಗಿಸಿ ಕೇಳಿದ, "ಒಬ್ಬೊಬ್ಬರು ಎಷ್ಟು ಕೊಟ್ಟಿದ್ದೀರಿ ಹೇಳಿ ಚಾಚಾ. ಅಷ್ಟಷ್ಟು ದೂರ ನಿಮ್ಮನ್ನ ಕೇಳಿ ನಡೀತೀನಿ." ಅವನ ಅಬ್ಬಾ ಕೈ ಎತ್ತಿದರು, ಹೊಡೆಯಲಿಲ್ಲ.

ಉದ್ಧಟತನ ಎಂದು ಅಂದುಕೊಂಡೆವು. ರಾತ್ರಿ ನಿದ್ದೆ ಬಾರದಾಗ ವಾಲೆರಿ ಬ್ರುಮೆಲ್ ನೆನಪಾದ. ಎತ್ತರ ಜಿಗಿತದಲ್ಲಿ 1963ರಲ್ಲಿ 2.28 ಮೀಟರಿನ ವಿಶ್ವದಾಖಲೆ, 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಚಿನ್ನ. 1965ರಲ್ಲಿ ಮೋಟಾರ್‌ಸೈಕಲ್ ಅಪಘಾತ, ಸಾಲುಸಾಲು ಶಸ್ತ್ರಚಿಕಿತ್ಸೆ, ಕುಗ್ಗಿದ ಕಾಲು. ಕೊನೆಗೆ ಇದೇ ಇಲಿಜರೋವ್ ಅದನ್ನು ಸರಿಪಡಿಸಿದರು. ಸುಮ್ಮನೆ ನಡೆದುಕೊಂಡಿರಬಹುದಿತ್ತು. ಬ್ರುಮೆಲ್ ಮತ್ತೆ ಪಟ್ಟಿಯ ಮುಂದೆ ನಿಂತ, ಎರಡು ಮೀಟರಿಗಿಂತ ಮೇಲೆ ಜಿಗಿದ. 2.28ಕ್ಕೆ ಮರಳಲಿಲ್ಲ. ಹಾಗಿದ್ದರೆ ಮರಳಿದನೋ, ಇಲ್ಲವೋ? ಕಾಲು ಉಳಿಸಿಕೊಟ್ಟವರಿಗೆ ಅದು ಕೃತಘ್ನತೆಯಾಗಿ ಕಂಡಿತೇ?

ಇನ್ನೊಂದು ಜಿಗಿತ ನಮ್ಮ ಜಿಲ್ಲೆಯದೇ. ಎಡಗಾಲಿನ ಊನವಿದ್ದ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ 1.74 ಮೀಟರ್ ಜಿಗಿದು ಬೆಳ್ಳಿ ಗೆದ್ದರು. ಫಿಜಿಯ ಇಲಿಯೆಸಾ ದೆಲಾನಾ ಕೂಡ ಅಷ್ಟೇ ಜಿಗಿದಿದ್ದರು. ತಪ್ಪಿದ ಯತ್ನಗಳನ್ನು ಎಣಿಸಿ ಅವರಿಗೆ ಚಿನ್ನ ಕೊಟ್ಟರು. ಗಿರೀಶರ ಕಾಲನ್ನು ಯಾರೂ ಸಮ ಮಾಡಿ ಕೊಟ್ಟಿರಲಿಲ್ಲ, ಆದ್ದರಿಂದ ಬೇಡವೆನ್ನುವ ಪಾಲುದಾರರೂ ಇರಲಿಲ್ಲ ಎಂದು ನಮಗೆ ಅಸೂಯೆಯಂತಹದ್ದೇನೋ ಆಯಿತು. ಸಮ ಕಾಲಿಗೂ ಆಟಕ್ಕೂ ನಾವು ಹಾಕಿದ ಗಂಟು ಅಷ್ಟು ಬಿಗಿಯಾದುದಲ್ಲ ಎಂದೂ ತೋರಿತು. (ಈಗ ಯಾವ ಕೊರತೆಯೂ ಇಲ್ಲದವರು ಕೇವಲ ಎತ್ತರ ಕಾಣಲು ಲಕ್ಷಗಟ್ಟಲೆ ಸುರಿದು ಇದೇ ನೋವನ್ನು ಕೊಳ್ಳುತ್ತಾರಂತೆ. ಅವರ ಮಾತು ಬೇರೆ. ಅವರನ್ನು ಅಳೆದು ಕುಗ್ಗಿಸಿದ ಕಣ್ಣುಗಳ ಮಾತು ಇನ್ನೂ ಬೇರೆ.)

ನಮ್ಮ ಭಯ ಸುಳ್ಳಾಗಿರಲಿಲ್ಲ. ಅವಸರಪಟ್ಟರೆ ಹೊಸ ಮೂಳೆ ಬಾಗುತ್ತದೆ, ಮುರಿಯುತ್ತದೆ. ಇನ್ನೊಮ್ಮೆ ಚಂದಾ ಏಳುವ ಓಣಿಯೂ ನಮ್ಮದಲ್ಲ. ಆದರೆ ಆ ಭಯದೊಳಗೆ ಇನ್ನೊಂದು ವಸ್ತು ಅಡಗಿತ್ತು. ಅವನು ಹುಷಾರಾಗಿ ನಡೆಯುತ್ತಿರುವವರೆಗೆ ನಮ್ಮ ಉಪಕಾರ ಬೀದಿಯಲ್ಲಿ ನಡೆದಾಡುತ್ತಿತ್ತು. ಅವನು ಓಡಿದರೆ ಅದು ಬರೀ ಒಬ್ಬ ಹುಡುಗನ ಕಾಲು. ಸಾಲ ಕೊಟ್ಟಿದ್ದರೆ ತೀರಿಸಿ ಬಿಡುಗಡೆ ಹೊಂದುತ್ತಿದ್ದ. ದಾನಕ್ಕೆ ಆ ದಾರಿಯೂ ಇಲ್ಲ. ಹೆಸರು ಬೇಡವೆಂದ ವ್ಯಾಪಾರಿ ಮಾತ್ರ ಅವನಿಗೆ ಏನೂ ಹೇಳಲಿಲ್ಲ. ಹೇಳಲು ಅವರು ಯಾರೆಂದೇ ಅವನಿಗೆ ಗೊತ್ತಿಲ್ಲ.

ವರ್ಷ ಕಳೆಯಿತು. ಅವನು ಸೈಕಲ್ಲು ತುಳಿದ, ಬೆಳಗಿನ ನಮಾಜಿಗೆ ಹೋಗುವಾಗ ನಮಗೆ ಎದುರಾಗಿ ಓಡಿದ. ಡಾಕ್ಟರು ಹೊಸ ಎಕ್ಸ್‌ರೇ ನೋಡಿ ಸರಿ ಎಂದರು. ಮೊನ್ನೆ ಕಾಲೇಜು ಮೈದಾನದಲ್ಲಿ ಮ್ಯಾಚು. ನಾವು ಕಾಂಪೌಂಡಿನ ಪಕ್ಕ ನಿಂತಿದ್ದೆವು. ಅವನು ರೈಡಿಗೆ ಹೋದ. ಮೂಲೆಯಲ್ಲಿದ್ದ ಹುಡುಗ ನೆಗೆದು ಹಿಡಿದ, ಅದೇ ಬಲಗಾಲಿನ ಕಣಕಾಲು. ನಮಗೇ ತಿಳಿಯದೆ "ಬಿಡೋ! ಆ ಕಾಲು ಬಿಡೋ!" ಎಂದು ಕಿರುಚಿದೆವು. ಹಿಡಿದವನು ಬೆದರಿ ಕೈ ಬಿಟ್ಟ. ಇವನ ಕೈ ಗೆರೆ ಮುಟ್ಟಿತು. ಅಂಪೈರ್ ಪಾಯಿಂಟ್ ಕೊಡಲು ಕೈ ಎತ್ತಿದರು. ಹುಡುಗ ಎದ್ದು ಮಣ್ಣು ಕೊಡವಿಕೊಂಡ, ನಮ್ಮ ಕಡೆ ಒಮ್ಮೆ ನೋಡಿದ. "ಸಾರ್, ನಾನು ಔಟ್" ಎಂದು ಹೇಳಿ ಗೆರೆಯಾಚೆ ಹೋಗಿ ಕೂತ.