ಗೂಡಿನ ವಿಳಾಸ

ಸುಂಟಿಕೊಪ್ಪದ ಕಡೆ ನನ್ನ ಸ್ನೇಹಿತರೊಬ್ಬರ ಕಾಫಿ ತೋಟವಿದೆ. ಎರಡು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ನಾನು ಮತ್ತು ನನ್ನ ತಂಗಿಯ ಮಗ ಅಲ್ಲಿಗೆ ಹೋಗಿದ್ದೆವು. ತೋಟದ ಮೇಸ್ತ್ರಿ ನಮ್ಮನ್ನು ಒಂದು ಹಳೆಯ ನಂದಿ ಮರದ ಬಳಿಗೆ ಕರೆದುಕೊಂಡು ಹೋಗಿ, ಸುಮ್ಮನೆ ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿದರು. ಅರ್ಧ ಗಂಟೆ ಕಳೆದಿರಬೇಕು. ಬೂದುಬಣ್ಣದ ಮಂಗಟ್ಟೆ ಹಕ್ಕಿಯೊಂದು ಹಾರಿಬಂದು ಮರದ ಪೊಟರೆಯೆದುರು ಕೂತಿತು. ಪೊಟರೆಯ ಬಾಯಿ ಮುಚ್ಚಿತ್ತು, ಒಂದು ಸಣ್ಣ ಸೀಳು ಮಾತ್ರ ಉಳಿದಿತ್ತು. ಹಕ್ಕಿ ತನ್ನ ಗಂಟಲಿನಿಂದ ಒಂದೊಂದೇ ಹಣ್ಣು ತೆಗೆದು ಆ ಸೀಳಿನೊಳಗೆ ಕೊಟ್ಟಿತು. ಒಳಗಿನಿಂದ ಒಂದು ಕೊಕ್ಕು ಅದನ್ನು ಈಸಿಕೊಂಡಿತು.

ಮಂಗಟ್ಟೆಯ ಸಂಸಾರವೇ ಹಾಗೆ. ಮೊಟ್ಟೆಯಿಡುವ ಕಾಲ ಬಂದರೆ ಹೆಣ್ಣು ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಮೇಲೆ ತಿಂಗಳುಗಟ್ಟಲೆ ಅದರ ಹೊಟ್ಟೆಯೂ ಮರಿಗಳ ಹೊಟ್ಟೆಯೂ ಹೊರಗಿರುವ ಆ ಒಂದು ಗಂಡು ಹಕ್ಕಿಯ ಮೇಲೆಯೇ ನಿಂತಿರುತ್ತದೆ.

ಹುಡುಗ ಫೋಟೋ ತೆಗೆದ. ನಾನು ಅಂದೇ ರಾತ್ರಿ ಆ ಫೋಟೋವನ್ನು ಒಂದು ವಾಟ್ಸಾಪ್ ಗುಂಪಿಗೆ ಹಾಕಿದೆ. ಕಥೆ ಬರೆಯುವವನ ಚಾಳಿ, ಸುಮ್ಮನೆ ಹಾಕಲಾಗಲಿಲ್ಲ. ತೋಟದ ಹೆಸರು, ದಾರಿ, ಯಾವ ತಿರುವಿನಲ್ಲಿ ಇಳಿಯಬೇಕು, ಮರ ಎಲ್ಲಿದೆ ಎಂಬುದನ್ನೆಲ್ಲ ಸೊಗಸಾಗಿ ಬರೆದು ಹಾಕಿದೆ. ಬಹಳ ಮಂದಿ ಮೆಚ್ಚಿದರು. ಅದು ಅಲ್ಲಿಂದ ಬೇರೆ ಗುಂಪುಗಳಿಗೂ ಹೋಯಿತು.

ಮೂರು ವಾರದ ಮೇಲೆ ಮೇಸ್ತ್ರಿ ಫೋನ್ ಮಾಡಿದರು. "ಸಾಬ್ರೇ, ನೀವು ಯಾರಿಗೆ ಹೇಳಿದ್ರಿ?" ಎಂದರು. ಶನಿವಾರ, ಭಾನುವಾರ ಜೀಪುಗಳು ಬರತೊಡಗಿದ್ದವಂತೆ. ಮಾರುದ್ದದ ಕ್ಯಾಮರಾ ಹಿಡಿದವರು ಮರದ ಬುಡದಲ್ಲೇ ಬೀಡುಬಿಟ್ಟಿದ್ದರಂತೆ. ಕೆಲವರು ಮೊಬೈಲಿನಲ್ಲಿ ಅದೇ ಹಕ್ಕಿಯ ಕೂಗು ಹಾಕಿ ಅದನ್ನು ಕರೆಯುತ್ತಿದ್ದರಂತೆ. ಗಂಡು ಹಕ್ಕಿ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಒಂದು ಬೆಳಿಗ್ಗೆ ನೋಡಿದರೆ ಪೊಟರೆಯ ಬಾಗಿಲು ಒಡೆದಿತ್ತು. ಹೆಣ್ಣು ಮರಿಗಳನ್ನು ಬಿಟ್ಟು ಹೊರಬಂತೋ, ಮರಿಗಳೇ ಹಾರಿದವೋ ಕಂಡವರಿಲ್ಲ. "ಹಾರೋ ಕಾಲ ಇನ್ನೂ ಆಗಿರಲಿಲ್ಲ" ಎಂದಷ್ಟೇ ಹೇಳಿ ಅವರು ಫೋನ್ ಇಟ್ಟರು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಯಾರಿಗೂ ಕೆಡುಕು ಬಯಸಿರಲಿಲ್ಲ. ಜನ ನೋಡಲಿ, ಪ್ರೀತಿಸಲಿ, ಉಳಿಸಲಿ ಎಂಬುದೇ ಮನಸ್ಸಿನಲ್ಲಿದ್ದದ್ದು. ಹಾಗಾದರೆ ತಪ್ಪು ಎಲ್ಲಿ ಆಯಿತು?

ಉತ್ತರದ ಒಂದು ತುದಿ ನನಗೆ ಸಿಕ್ಕಿದ್ದು ಮದ್ರಸಾದಲ್ಲಿ ಎಳವೆಯಲ್ಲೇ ಕಲಿತ ಪಾಠವೊಂದರಲ್ಲಿ. ಗೀಬತ್ ಎಂದರೇನು ಎಂದು ಪ್ರವಾದಿಯವರು ವಿವರಿಸಿದಾಗ ಒಬ್ಬರು ಕೇಳಿದರಂತೆ, ನಾನು ಹೇಳುವ ದೋಷ ಆ ಸಹೋದರನಲ್ಲಿ ನಿಜವಾಗಿಯೂ ಇದ್ದರೆ? ಇದ್ದರೆ ಅದು ಗೀಬತ್, ಇಲ್ಲದಿದ್ದರೆ ಅದು ಸುಳ್ಳಾರೋಪ ಎಂಬುದು ಸಿಕ್ಕ ಉತ್ತರದ ತಾತ್ಪರ್ಯ. ಅಂದರೆ ನಿಜವಾದ ಮಾತೂ ಪಾಪವಾಗಬಲ್ಲದು. ಮನುಷ್ಯರ ವಿಷಯದಲ್ಲಿ ಇದನ್ನು ನಾವು ಒಪ್ಪುತ್ತೇವೆ. ಪಕ್ಕದ ಮನೆಯ ಹೆಣ್ಣುಮಗಳು ಒಬ್ಬಳೇ ಇರುವ ಹೊತ್ತು ಯಾವುದು ಎಂದು ಬೀದಿಯಲ್ಲಿ ನಿಂತು ಸಾರುವವನನ್ನು ಸತ್ಯವಂತ ಎಂದು ಯಾರೂ ಹೊಗಳುವುದಿಲ್ಲ. ಕುರ್‌ಆನಿನ ಆರನೆಯ ಅಧ್ಯಾಯದ 38ನೆಯ ವಚನ ನೆಲದ ಮೇಲಿನ ಪ್ರಾಣಿಗಳನ್ನೂ ರೆಕ್ಕೆ ಬೀಸಿ ಹಾರುವ ಹಕ್ಕಿಗಳನ್ನೂ ನಮ್ಮಂಥದೇ ಸಮುದಾಯಗಳೆಂದು ಪರಿಗಣಿಸುತ್ತದೆ. ಅವೂ ಸಮುದಾಯಗಳಾದರೆ ಅವುಗಳ ಮನೆಗೂ ಒಂದು ಮರೆ ಬೇಡವೇ?

ಹಾಗೆಂದು ಬಾಯಿ ಮುಚ್ಚಿಕೊಂಡಿರುವುದೇ ಧರ್ಮ ಎಂದುಕೊಂಡರೆ ಅದೂ ಸುಲಭದ ದಾರಿಯೇ. ಅರಿವನ್ನು ಮುಚ್ಚಿಡುವವನನ್ನು ಕೂಡ ನಮ್ಮ ಪರಂಪರೆ ಕಠಿಣವಾಗಿಯೇ ಎಚ್ಚರಿಸಿದೆ. ಆದಮರಿಗೆ ಮೊದಲು ಕಲಿಸಲಾದದ್ದು ವಸ್ತುಗಳ ಹೆಸರುಗಳನ್ನು. ಭೂಮಿಯ ಮೇಲೆ ಖಲೀಫನನ್ನು ನೇಮಿಸುವ ಮಾತು ಬಂದ ಪ್ರಸಂಗದಲ್ಲೇ ಹೆಸರುಗಳ ಪ್ರಸಂಗವೂ ಬರುತ್ತದೆ. ಹೆಸರು ತಿಳಿಯದವನು ಯಾವುದರ ಹೊಣೆ ಹೊತ್ತಾನು?

ನಮ್ಮ ಕಾವೇರಿಯ ಮಹಶೀರ್ ಮೀನನ್ನೇ ನೋಡಿ. ಕಿತ್ತಳೆ ಬಣ್ಣದ ಈಜುರೆಕ್ಕೆ, ಗೂನು ಬೆನ್ನಿನ ಈ ದೈತ್ಯ ಮೀನನ್ನು ಬ್ರಿಟಿಷರ ಕಾಲದಿಂದಲೂ ಗಾಳ ಹಾಕುವವರು ಕೊಂಡಾಡಿದ್ದರು. ಆದರೆ ಅದು ಶಾಸ್ತ್ರೀಯವಾಗಿ ಯಾವ ಜಾತಿ ಎಂಬುದು ಇತ್ಯರ್ಥವಾಗಿರಲಿಲ್ಲ. ಹೆಸರೇ ಇತ್ಯರ್ಥವಾಗದ ಜೀವಿಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸುವುದು ಹೇಗೆ? 2018ರಲ್ಲಿ ಅದು ಟಾರ್ ರೆಮಾದೇವಿ ಎಂದು ಖಚಿತವಾಯಿತು. ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ತೀರ ಅಂಚಿನಲ್ಲಿರುವ ಜೀವಿಯೆಂದು ದಾಖಲಾಯಿತು. ಅಷ್ಟು ಹೊತ್ತಿಗೆ ಅದು ಕಾವೇರಿಯ ಬಹುಭಾಗದಿಂದ ಮಾಯವಾಗಿತ್ತು.

ಹೆಸರನ್ನು ಹುಡುಕಿಕೊಂಡು ಹೋದವರಲ್ಲಿ ಸಲೀಂ ಅಲಿಯವರನ್ನು (1896–1987) ಮರೆಯುವಂತಿಲ್ಲ. ಬಾಲಕನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದುರುಳಿಸಿದ ಗುಬ್ಬಚ್ಚಿಯೊಂದರ ಕೊರಳಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಗುಬ್ಬಿ ಎಂದು ಅವರು ಕೇಳಿದರು. ಆ ಪ್ರಶ್ನೆ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಕರೆದೊಯ್ದಿತು. ಕೊಂದ ಕೈ ಕಾಯುವ ಕೈಯಾದದ್ದು ಒಂದು ಹೆಸರಿನ ದೆಸೆಯಿಂದ.

ಆ ಹುಡುಗನಿಗೆ ಬೇಕಾಗಿದ್ದ ಶಿಫಾರಸು, ಸೊಸೈಟಿಯ ಬಾಗಿಲು ಈಗಿನ ಮಕ್ಕಳಿಗೆ ಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲೇ ಬಾಗಿಲು. ಇ-ಬರ್ಡ್ ಎಂಬ ಜಾಲತಾಣದಲ್ಲಿ ತಾನು ಕಂಡ ಹಕ್ಕಿಗಳ ಪಟ್ಟಿ ಬರೆದಿಡಬಹುದು, ತನ್ನ ಊರಿನಲ್ಲಿ ಬೇರೆಯವರು ಏನು ಕಂಡರೆಂದು ನೋಡಬಹುದು. ಐ-ನ್ಯಾಚುರಲಿಸ್ಟ್‌ನಲ್ಲಿ ಚಿಟ್ಟೆಯದೋ ಕಪ್ಪೆಯದೋ ಚಿತ್ರ ಹಾಕಿದರೆ ಎಲ್ಲೋ ಕುಳಿತ ಬಲ್ಲವರು ಅದರ ಹೆಸರು ಹೇಳುತ್ತಾರೆ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ನಮ್ಮ ದೇಶದ ಗಿಡಮರ, ಜೀವಿಗಳ ಮಾಹಿತಿಯನ್ನೇ ಒಂದೆಡೆ ಕೂಡಿಸಿದೆ. 2005ರಲ್ಲಿ ಆರಂಭವಾದ ಕ್ಸೆನೋ-ಕ್ಯಾಂಟೋ ಎಂಬ ತಾಣದಲ್ಲಿ ಲೋಕದ ಹಕ್ಕಿಗಳ ಕೂಗುಗಳೇ ಇವೆ. ಇವೆಲ್ಲವೂ ಪುಕ್ಕಟೆ. ಒಬ್ಬ ಬಡ ಹುಡುಗ ಸೋಮವಾರಪೇಟೆಯ ಕಾಲೇಜಿನ ಹಿತ್ತಿಲಲ್ಲಿ ಕಂಡ ಹಕ್ಕಿ ದೊಡ್ಡ ವಿಜ್ಞಾನಿಯ ಲೆಕ್ಕದೊಳಗೆ ಸೇರುತ್ತದೆ. ಇದು ಸಣ್ಣ ಮಾತಲ್ಲ.

ಈ ದಾಖಲೆಗೆ ಇನ್ನೊಂದು ಉಪಯೋಗವೂ ಇದೆ. 2015ರ ಸುಮಾರಿಗೆ ಮೈಸೂರು–ಕೋಝಿಕ್ಕೋಡ್ ವಿದ್ಯುತ್ ಮಾರ್ಗಕ್ಕಾಗಿ ಕೊಡಗಿನಲ್ಲಿ ಸಾವಿರಾರು ಮರಗಳು ಉರುಳಿದವು. ಇಂಥ ಹೊತ್ತಿನಲ್ಲಿ ಕಡತದಲ್ಲಿ ಮರವೆಂದರೆ ಒಂದು ಸಂಖ್ಯೆ, ಇಷ್ಟು ಅಡಿ ನಾಟಾ. ಆ ಮರದಲ್ಲಿ ಯಾರು ವಾಸವಾಗಿದ್ದರು ಎಂಬುದು ಎಲ್ಲೂ ಬರೆದಿರದಿದ್ದರೆ ಕೊಡಲಿಗೆ ಬಹಳ ಅನುಕೂಲ. ನಮ್ಮ ಮೌನವೂ ಒಮ್ಮೊಮ್ಮೆ ಕೊಲೆಗಾರನ ಕಡೆಗೆ ಸಾಕ್ಷಿ ನುಡಿಯುತ್ತದೆ.

ಹಾಗಾದರೆ ಹೇಳಬೇಕೋ, ಹೇಳಬಾರದೋ? ಈ ತಾಣಗಳನ್ನು ನಡೆಸುವವರೂ ಈ ಇಕ್ಕಟ್ಟನ್ನು ಎದುರಿಸಿದ್ದಾರೆ. 1999ರಲ್ಲಿ ಚೀನಾದಲ್ಲಿ ಒಂದು ಹೊಸ ಜಾತಿಯ ಹಲ್ಲಿಯನ್ನು ಗುರುತಿಸಿ, ಸಿಕ್ಕ ಜಾಗದ ಸಮೇತ ವಿಜ್ಞಾನಿಗಳು ಪ್ರಕಟಿಸಿದರು. ಸಾಕುವ ಶೋಕಿಯವರಿಗೆ ಮಾರುವ ದಂಧೆಯವರು ಅದೇ ಬರಹವನ್ನು ಓದಿಕೊಂಡು ಹೋಗಿ ಆ ಜಾಗದಲ್ಲಿ ಅದು ಇಲ್ಲದಂತೆ ಮಾಡಿದರು. 2013ರಲ್ಲಿ ಮಧ್ಯಪ್ರದೇಶದ ಹುಲಿಯೊಂದರ ಕೊರಳಪಟ್ಟಿಯಿಂದ ಬರುವ ಮಾಹಿತಿಯಿದ್ದ ಇಮೇಲ್ ಖಾತೆಗೆ ಯಾರೋ ನುಗ್ಗಲು ಯತ್ನಿಸಿದ ವರದಿ ಬಂದಿತ್ತು. ಹುಲಿಯನ್ನು ಕಾಯಲೆಂದು ಕಟ್ಟಿದ ಪಟ್ಟಿ ಕಳ್ಳನ ಕೈಯ ಬೀಗದಕೈ ಆಗುವುದರಲ್ಲಿತ್ತು.

ಹೀಗಾಗಿ ಐ-ನ್ಯಾಚುರಲಿಸ್ಟ್ ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ತೋರಿಸುವುದಿಲ್ಲ. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಅಗಲದ ಚೌಕದೊಳಗೆ ಎಲ್ಲೋ ಇದೆ ಎಂದಷ್ಟೇ ಹೇಳುತ್ತದೆ. ಇ-ಬರ್ಡ್ ಕೂಡ ಸೂಕ್ಷ್ಮ ಎಂದು ಗುರುತಿಸಿದ ಹಕ್ಕಿಗಳ ಜಾಗವನ್ನು ಸಾರ್ವಜನಿಕರಿಂದ ಮರೆಮಾಡುತ್ತದೆ. ಕ್ಸೆನೋ-ಕ್ಯಾಂಟೋದಲ್ಲಿ ಕೆಲವು ಹಕ್ಕಿಗಳ ಕೂಗು ಎಲ್ಲರಿಗೂ ಸಿಗದು, ಅದನ್ನೇ ಬಲೆಯಾಗಿ ಬಳಸುವವರಿದ್ದಾರೆ. ಆದರೆ ಯಂತ್ರದ ಪಟ್ಟಿಯಲ್ಲಿಲ್ಲದ ಹಕ್ಕಿಗೂ ಗೂಡು ಇದ್ದೇ ಇರುತ್ತದಲ್ಲ? ಅಲ್ಲಿ ಮುಸುಕು ಹಾಕುವ ಗುಂಡಿಯನ್ನು ನಾವೇ ಒತ್ತಬೇಕು. ಆ ಗುಂಡಿ ಐ-ನ್ಯಾಚುರಲಿಸ್ಟ್‌ನಲ್ಲಿದೆ. ವಾಟ್ಸಾಪಿನಲ್ಲಿ ಅಂಥದ್ದೇನೂ ಇಲ್ಲ, ಅಲ್ಲಿ ನಮ್ಮ ವಿವೇಕವೇ ಗುಂಡಿ.

ಇಷ್ಟಾದರೂ ಜಾಗ ಹೇಳಲೇಬಾರದು ಎಂದು ಕಾಯಿದೆ ಮಾಡಿಕೊಳ್ಳಲು ಕೊಡಗಿನ ಆನೆಗಳು ಬಿಡುವುದಿಲ್ಲ. ಸಿದ್ದಾಪುರ, ಅಮ್ಮತ್ತಿ ಕಡೆಯ ಲೈನ್‌ಮನೆಯಿಂದ ಬೆಳಿಗ್ಗೆ ಕೆಲಸಕ್ಕೆ ಹೊರಟ ಹೆಣ್ಣುಮಗಳಿಗೆ ಮುಂದಿನ ತಿರುವಿನ ಕಾಫಿ ಗಿಡಗಳ ನಡುವೆ ಆನೆ ನಿಂತಿದೆಯೇ ಎಂಬುದು ಜೀವದ ಪ್ರಶ್ನೆ. ಅದನ್ನು ಬಲ್ಲವನು ಸುಮ್ಮನಿದ್ದರೆ ಅದೇ ಅಪರಾಧ. ತಮಿಳುನಾಡಿನ ವಾಲ್ಪಾರೈಯ ಚಹಾ ತೋಟಗಳಲ್ಲಿ ಆನೆ ಇರುವ ಜಾಗವನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸುವ, ಮೊಬೈಲಿನಿಂದಲೇ ಹೊತ್ತಿಸುವ ಕೆಂಪು ದೀಪಗಳಿಂದ ಎಚ್ಚರಿಸುವ ಏರ್ಪಾಡನ್ನು ನೇಚರ್ ಕನ್ಸರ್ವೇಷನ್ ಫೌಂಡೇಶನ್ ಮಾಡಿತು. ಹಾಸನದ ಆಲೂರು, ಸಕಲೇಶಪುರ ಭಾಗಕ್ಕೂ ಅಂಥ ವ್ಯವಸ್ಥೆ ಬಂತು. ಇದರಿಂದ ಮನುಷ್ಯನೂ ಉಳಿಯುತ್ತಾನೆ, ಮನುಷ್ಯ ಸಾಯದಿದ್ದರೆ ಆನೆಯ ಮೇಲಿನ ಸಿಟ್ಟೂ ಇಳಿಯುತ್ತದೆ. ಆದರೆ ಈಗ ನಮ್ಮ ತೋಟಗಳಲ್ಲಿ ದುಡಿಯುವವರಲ್ಲಿ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಅವರಿಗೆ ಓದಲು ಬಾರದ ಭಾಷೆಯಲ್ಲಿ ಸಂದೇಶ ಕಳಿಸಿ ಕೈತೊಳೆದುಕೊಂಡರೆ ಹೇಳಿದಂತಾಯಿತೇ?

ನೋಡಿ, ಎರಡೂ ಒಂದೇ ಬಗೆಯ ಮಾಹಿತಿ. ಒಂದು ಜೀವಿ ಇಂಥ ಜಾಗದಲ್ಲಿದೆ ಎಂಬುದು. ಮಂಗಟ್ಟೆಯ ವಿಷಯದಲ್ಲಿ ಅದನ್ನು ಮರೆಮಾಡುವುದು ಕರ್ತವ್ಯ, ಆನೆಯ ವಿಷಯದಲ್ಲಿ ತಿಳಿಸುವುದು ಕರ್ತವ್ಯ. ಹಾಗಾಗಿ ಮಾತು ನಿಜವೇ ಎಂಬ ಪ್ರಶ್ನೆಯೊಂದೇ ಸಾಲದು. ಈ ಮಾತಿನಿಂದ ಯಾರ ಜೀವಕ್ಕೆ ಏನಾಗುತ್ತದೆ ಎಂದು ಕೇಳಬೇಕು. ಅರಿವು ನನ್ನ ಆಸ್ತಿಯಲ್ಲ, ನನ್ನ ಬಳಿ ಇಟ್ಟ ಅಮಾನತ್. ಇಟ್ಟವರ ಹಿತಕ್ಕಾಗಿ ಅದನ್ನು ಕಾಯಬೇಕು, ಹಕ್ಕುದಾರರು ಬಂದಾಗ ತಡಮಾಡದೆ ಒಪ್ಪಿಸಬೇಕು. ಗೂಡಿನ ಗುಟ್ಟಿನ ಹಕ್ಕುದಾರ ಗೂಡಿನೊಳಗಿದ್ದಾನೆ. ಆನೆಯ ಸುದ್ದಿಯ ಹಕ್ಕುದಾರಳು ಕತ್ತಿ, ಬುತ್ತಿ ಹಿಡಿದು ತೋಟದ ದಾರಿಯಲ್ಲಿ ಬರುತ್ತಿದ್ದಾಳೆ.

ಇದನ್ನೆಲ್ಲ ತೀರ್ಮಾನಿಸಲು ನೀನು ಯಾರು ಎಂದು ಒಬ್ಬರು ಕೇಳಬಹುದು. ಗುಟ್ಟು ಎಂಬ ನೆಪದಲ್ಲಿ ಅರಿವು ಮತ್ತೆ ಅಧಿಕಾರಿಗಳ, ಪಂಡಿತರ ಕಪಾಟು ಸೇರುವುದಿಲ್ಲವೇ? ಈ ಆತಂಕ ನಿಜ. ಜೇನು ಕುರುಬರು, ಯರವರು ಯಾವ ತಾಣದಲ್ಲೂ ಬರೆಯದೆ ಈ ಕಾಡನ್ನು ತಲೆಮಾರುಗಳಿಂದ ಬಲ್ಲರು. ಅವರಿಗೆ ತಿಳಿಯದಂತೆ ಮುಚ್ಚುವುದು ನನ್ನ ಮಾತಿನ ಅರ್ಥವಲ್ಲ, ಮುಚ್ಚಲು ಸಾಧ್ಯವೂ ಇಲ್ಲ. ಜೀವಿಯ ಜೊತೆ ಬದುಕುವವನಿಗೆ ಮೊದಲ ಹಕ್ಕು, ನೋಡಿ ಹೋಗಲು ಬಂದವನಿಗೆ ಕೊನೆಯದು. ನಾನು ತಲೆಕೆಳಗು ಮಾಡಿದ್ದು ಇದನ್ನೇ. ಮೇಸ್ತ್ರಿಯನ್ನು ಒಂದು ಮಾತೂ ಕೇಳದೆ ಬೆಂಗಳೂರಿನ ಅಪರಿಚಿತರಿಗೆ ಮರದ ವಿಳಾಸ ಕೊಟ್ಟೆ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅವು ಇರುವುದು ಎಲ್ಲರಿಗೂ ಗೊತ್ತು, ಆದರೂ ಒಳಗೆ ಕಾಲಿಡಲು ಒಂದು ಅಳುಕಿದೆ. ಕೆಲವು ಒತ್ತುವರಿಯಾಗಿ ಕಿರಿದಾಗಿದ್ದರೆ ಅದಕ್ಕೆ ಕಾರಣ ಅರಿವು ಹೆಚ್ಚಾದದ್ದಲ್ಲ, ಅಳುಕು ಕಡಿಮೆಯಾದದ್ದು. ಕಾಡನ್ನು ಕಾಯಲು ಎರಡೂ ಬೇಕು.

ಪ್ರಯಾಣವೊಂದರಲ್ಲಿ ಸಂಗಾತಿಗಳು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿಹಕ್ಕಿ ತಲೆಯ ಮೇಲೆ ರೆಕ್ಕೆ ಬಡಿಯುತ್ತ ಸುತ್ತತೊಡಗಿತಂತೆ. ಪ್ರವಾದಿಯವರು ಬಂದು, ಮರಿಗಳ ವಿಷಯದಲ್ಲಿ ಇದನ್ನು ನೋಯಿಸಿದವರು ಯಾರೆಂದು ಕೇಳಿ, ಮರಳಿಸಲು ಹೇಳಿದರು. ಈ ಹದೀಸನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೇನೆ. ನೋಯಿಸಿದವರು ಯಾರು ಎಂಬ ಪ್ರಶ್ನೆ ನನ್ನನ್ನೇ ಕೇಳುತ್ತಿದೆ ಎಂದು ಅನ್ನಿಸಿದ್ದು ಮೇಸ್ತ್ರಿಯ ಫೋನ್ ಬಂದ ದಿನ. ಆ ಸಂಗಾತಿಗಳಿಗೆ ಮರಿಗಳನ್ನು ಮರಳಿಸಲು ಅವಕಾಶವಿತ್ತು. ನನಗೆ ಅದು ಇರಲಿಲ್ಲ.

ಮರುವರ್ಷ ಆ ಪೊಟರೆ ಖಾಲಿ ಇತ್ತು. ಈ ವರ್ಷ ತೋಟದ ಇನ್ನೊಂದು ಮೂಲೆಯಲ್ಲಿ ಒಂದು ಜೋಡಿ ಕಂಡಿದೆ ಎಂದು ಮೇಸ್ತ್ರಿ ಹೇಳಿದರು. ಯಾವ ಮರ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಲೈನ್‌ಮನೆಯ ಮಕ್ಕಳಿಗೆ ನನ್ನ ಮೊಬೈಲಿನಲ್ಲಿದ್ದ ಹಕ್ಕಿಗಳ ಚಿತ್ರ ತೋರಿಸಿದೆ. ಅವರು ತಮ್ಮ ತಮ್ಮ ಭಾಷೆಯ ಹೆಸರು ಹೇಳಿದರು, ನಾನು ಬರೆದುಕೊಂಡೆ. ಹೊರಡುವ ಹೊತ್ತಿಗೆ ಮಂಗಟ್ಟೆಯೊಂದು ಕೂಗುತ್ತ ತಲೆಯ ಮೇಲೆ ಹಾರಿಹೋಯಿತು. ಹುಡುಗ ಅದರ ಫೋಟೋ ತೆಗೆದು ನನ್ನ ಕಡೆ ತಿರುಗಿದ.

"ಮಾಮೂ, ಇದನ್ನ ಹಾಕ್ಲಾ?"

"ಹಾಕು. ಹಕ್ಕಿಯ ಹೆಸರು ಬರೆ, ತಾರೀಕು ಬರೆ."

"ಜಾಗ?"

"ಕೊಡಗು ಅಂತ ಬರೆ, ಸಾಕು."