ಇಂದಿನ ಧಮ್ಮ ಚಿಂತನೆ: ಬಾಯಿಪಾಠ ಮಾಡಿದ್ದು ನನ್ನದಾಗುತ್ತದೆಯೇ?



ಇಂದು ಚಿಂತನೆ ಬರೆಯುವ ಸರದಿ ನನ್ನದು. ಸುತ್ತಗಳ ಬಗ್ಗೆ ದೊಡ್ಡದಾಗಿ ಬರೆಯುವಷ್ಟು ಓದು ನನಗಿಲ್ಲ. ನಾನೀಗ ಓದುತ್ತಿರುವುದು ಹತ್ತನೇ ತರಗತಿಯ ಗಣಿತ. 1999ರಲ್ಲಿ ಗಣಿತದಲ್ಲಿ ಫೇಲಾಗಿ ಶಾಲೆ ಬಿಟ್ಟವಳು ನಾನು. ಈಗ ನಲವತ್ತು ದಾಟಿದ ಮೇಲೆ ಖಾಸಗಿಯಾಗಿ ಪರೀಕ್ಷೆ ಕಟ್ಟಿದ್ದೇನೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದು, ಅಡುಗೆ ಮಾಡಿಟ್ಟು, ಪಿಯುಸಿ ಓದುವ ಮಗಳ ಪಕ್ಕ ಕೂರುತ್ತೇನೆ. ಅವಳೇ ನನಗೆ ಮೇಡಂ.

ಕಳೆದ ವಾರ ವರ್ಗ ಸಮೀಕರಣದ ಪಾಠಕ್ಕೆ ಬಂದೆವು. ಪುಸ್ತಕ ತೆಗೆಯುವ ಮೊದಲೇ ನಾನು ಹೇಳಿಬಿಟ್ಟೆ: "ಮೈನಸ್ ಬಿ, ಪ್ಲಸ್ ಆರ್ ಮೈನಸ್, ರೂಟ್ ಆಫ್ ಬಿ ಸ್ಕ್ವೇರ್ ಮೈನಸ್ ಫೋರ್ ಎ ಸಿ, ಬೈ ಟು ಎ." ಇಷ್ಟು ವರ್ಷವಾದರೂ ಮರೆತಿರಲಿಲ್ಲ. ಮಗಳು ನಕ್ಕು ಕೇಳಿದಳು, "ಸರಿ ಅಮ್ಮಾ, ಇದು ಎಲ್ಲಿಂದ ಬಂತು?"

ನನ್ನ ಬಾಯಿ ಕಟ್ಟಿಹೋಯಿತು. ಅಂದು ತರಗತಿಯಲ್ಲೂ ನನಗೆ ಅದು ಗೊತ್ತಿರಲಿಲ್ಲ. ಒಮ್ಮೆ ಎದ್ದು ನಿಂತು ಕೇಳಿದ್ದೆ. ಮೇಷ್ಟ್ರು, "ಅದೆಲ್ಲ ನಿಮ್ಮ ಕೇರಿಯವರ ತಲೆಗೆ ಹತ್ತೋದಲ್ಲ, ಬಾಯಿಪಾಠ ಮಾಡು ಸಾಕು" ಎಂದಿದ್ದರು. ಕೂತೆ. ಆ ಮೇಲೆ "ಅರ್ಥವಾಯಿತೇ?" ಎಂದಾಗಲೆಲ್ಲ ಎಲ್ಲರ ಜೊತೆ "ಆಯ್ತು ಸಾರ್" ಎನ್ನುತ್ತಿದ್ದೆ. ಪರೀಕ್ಷೆಯ ದಿನ ಗಾಬರಿಯಲ್ಲಿ ಬಿ ಮುಂದಿನ ಮೈನಸ್ ಮರೆತೆ. ಸೂತ್ರ ಎಲ್ಲಿಂದ ಬಂತೆಂದು ಗೊತ್ತಿದ್ದರೆ ಮತ್ತೆ ಹುಡುಕಿಕೊಳ್ಳಬಹುದಿತ್ತು. ಬರೀ ಬಾಯಲ್ಲಿದ್ದದ್ದು ಬಾಯಿ ತಪ್ಪಿದ ಮೇಲೆ ಸಿಗಲಿಲ್ಲ.

ಮಗಳು ಹಳೆಯ ಪೇಪರ್, ಕತ್ತರಿ ತಂದಳು. ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಎಂಬ ಗಣಿತಜ್ಞ ತನ್ನ ಪುಸ್ತಕದಲ್ಲಿ ಬಿಡಿಸಿ ತೋರಿಸಿದ ಲೆಕ್ಕ ಅದು: ಎಕ್ಸ್ ವರ್ಗ + 10 ಎಕ್ಸ್ = 39.

ಅವಳು ಒಂದು ಚೌಕ ಕತ್ತರಿಸಿದಳು. "ಇದರ ಬಾಹು ಎಷ್ಟು ಅಂತ ಗೊತ್ತಿಲ್ಲ, ಅದೇ ಎಕ್ಸ್. ಹತ್ತು ಎಕ್ಸ್ ಅಂದರೆ ಎಕ್ಸ್ ಉದ್ದದ, ಹತ್ತು ಅಗಲದ ಪಟ್ಟಿ." ಆ ಪಟ್ಟಿಯನ್ನು ಉದ್ದಕ್ಕೆ ಸೀಳಿ, ಐದೈದು ಅಗಲದ ಎರಡು ಪಟ್ಟಿ ಮಾಡಿ, ಚೌಕದ ಬಲಕ್ಕೊಂದು, ಕೆಳಗೊಂದು ಇಟ್ಟಳು. "ಎಲ್ಲ ಸೇರಿ 39. ಈಗ ನೋಡು."

ದಿನವಿಡೀ ಬಟ್ಟೆಯ ಪೀಸು ಜೋಡಿಸುವವಳು ನಾನು. ನೋಡಿದ ತಕ್ಷಣ ಹೇಳಿದೆ: "ಮೂಲೆಯಲ್ಲಿ ಒಂದು ಪೀಸ್ ಕಮ್ಮಿ ಇದೆ."

"ಎಷ್ಟರದ್ದು?"

"ಐದು ಐದರದ್ದು. ಇಪ್ಪತ್ತೈದು."

ಅದನ್ನೂ ಇಟ್ಟರೆ 39 ಮತ್ತು 25 ಸೇರಿ 64. ಈಗ ಅದು ಪೂರ್ತಿ ಚೌಕ, ಬಾಹು 8. ಅದರಲ್ಲಿ ಪಟ್ಟಿಯ 5 ಕಳೆದರೆ ಎಕ್ಸ್ 3. ಸೂತ್ರದ ಆ ಬಿ ಸ್ಕ್ವೇರ್ ಬಂದದ್ದು ಈ ಖಾಲಿ ಮೂಲೆಯಿಂದ! ಕಣ್ಣಲ್ಲಿ ನೀರು ಬಂತು. ತಲೆಗೆ ಹತ್ತುವುದಿಲ್ಲ ಎಂದಿದ್ದನ್ನು ನನ್ನ ಕೈಯೇ ಜೋಡಿಸಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಅಂದು ಶಾಲೆಯಲ್ಲಿ ನಾನು ಬಾಯಿಪಾಠ ಮಾಡಿದ್ದು ಒಂದಲ್ಲ, ಎರಡು ಸೂತ್ರ ಎಂದು ಹೊಳೆಯಿತು. ಒಂದು ಪುಸ್ತಕದ್ದು. ಇನ್ನೊಂದು "ನಿಮ್ಮ ಕೇರಿಯವರ ತಲೆಗೆ ಹತ್ತೋದಲ್ಲ" ಎಂಬುದು. ಎರಡನ್ನೂ ಪರೀಕ್ಷಿಸದೆ ನಂಬಿದೆ. ಮೊದಲನೆಯದು ಮರೆತು ಒಂದು ಪರೀಕ್ಷೆ ಹೋಯಿತು. ಎರಡನೆಯದು ಮರೆಯದೆ ಇಷ್ಟು ವರ್ಷ ಹೋಯಿತು.

ಕೇಸಪುತ್ತದ ಕಾಲಾಮರಿಗೆ ಭಗವಾನ್ ಬುದ್ಧರು ಹೇಳಿದ ಮಾತು ನಾವೆಲ್ಲ ಓದಿದ್ದೇವೆ. ಪರಂಪರೆಯಿಂದ ಬಂತೆಂದು, ಗ್ರಂಥದಲ್ಲಿದೆಯೆಂದು, ಹೇಳಿದವರು ಗುರುಗಳೆಂದು ಯಾವುದನ್ನೂ ಒಪ್ಪಬೇಡಿ. ಅದು ಕೇಡು ತರುತ್ತದೆಂದು ನೀವೇ ಅರಿತಾಗ ಬಿಡಿ, ಒಳಿತು ತರುತ್ತದೆಂದು ನೀವೇ ಅರಿತಾಗ ಸ್ವೀಕರಿಸಿ ಎಂದರು. ಇದನ್ನು ನಾನು ಬರೀ ತಿರಸ್ಕರಿಸುವ ಪಾಠ ಎಂದುಕೊಂಡಿದ್ದೆ. ಪರೀಕ್ಷಿಸಿದಾಗ ಪುಸ್ತಕದ ಸೂತ್ರ ನಿಜವಾಯಿತು, ಅದನ್ನು ಇಟ್ಟುಕೊಂಡೆ. ಮೇಷ್ಟ್ರ ಮಾತು ಸುಳ್ಳಾಯಿತು, ಅದನ್ನು ಬಿಟ್ಟೆ. ಪರೀಕ್ಷೆ ಎರಡಕ್ಕೂ ಒಂದೇ.

ಇದನ್ನು ಭಾನುವಾರದ ಅಧ್ಯಯನದಲ್ಲಿ ಹೇಳಿದಾಗ ಒಬ್ಬ ತಂಗಿ ಕೇಳಿದಳು, "ಎಲ್ಲವನ್ನೂ ನಾವೇ ಪರೀಕ್ಷೆ ಮಾಡೋಕಾಗುತ್ತಾ ಅಕ್ಕಾ? ಡಾಕ್ಟರ್ ಕೊಟ್ಟ ಮಾತ್ರೆ ನುಂಗಲ್ವಾ?" ನ್ಯಾಯವಾದ ಪ್ರಶ್ನೆ. ನಾನೂ ನುಂಗುತ್ತೇನೆ. ನಂಬುವುದೇ ತಪ್ಪಲ್ಲ. ಆದರೆ ಡಾಕ್ಟರನ್ನು ಏಕೆ ಎಂದು ಕೇಳಬಹುದು. ಧಮ್ಮಕ್ಕೆ ಏಹಿಪಸ್ಸಿಕೋ ಎಂಬ ವಿಶೇಷಣವಿದೆ, ಬಂದು ನೋಡು ಎಂದು ಕರೆಯುವಂಥದ್ದು. ಆ ಚೌಕವೂ ಹಾಗೆಯೇ. ಯಾವ ಕೇರಿಯಿಂದ ಬಂದೆ ಎಂದು ಕೇಳದೆ ಎಲ್ಲರಿಗೂ ಮೂಲೆ ತೋರಿಸುತ್ತದೆ. ಯಾವ ಮಾತು "ಕೇಳಬೇಡ, ಕೂತ್ಕೋ" ಎನ್ನುತ್ತದೋ, ಅದನ್ನೇ ಮೊದಲು ಪರೀಕ್ಷಿಸಬೇಕು.

ಮರುದಿನ ಮಗಳು ಇನ್ನೊಂದು ತೋರಿಸಿದಳು. ಅದೇ ಲೆಕ್ಕಕ್ಕೆ ಇನ್ನೊಂದು ಮೂಲವಿದೆ, ಮೈನಸ್ 13. ಹಾಕಿ ನೋಡಿದೆ: 169ರಲ್ಲಿ 130 ಕಳೆದರೆ 39. ಸರಿಯಾಗಿಯೇ ಇದೆ! ಕಾಗದದ ಚೌಕಕ್ಕೆ ಮೈನಸ್ ಬಾಹು ಇರಲಾರದು, ಹಾಗಾಗಿ ಅಲ್ಲಿ ಅದನ್ನು ಬಿಡುತ್ತೇವೆ. ಆದರೆ ಕಾರಣ ಹೇಳಿ ಬಿಡುತ್ತೇವೆ. ನೋಡದೆ ಬಿಡುವುದಕ್ಕೂ, ನೋಡಿ ಬಿಡುವುದಕ್ಕೂ ವ್ಯತ್ಯಾಸವಿದೆ. ನನ್ನನ್ನು ಬಿಟ್ಟದ್ದು ನೋಡದೆ.

ಬಂಧುಗಳೇ, ಕೊನೆಯದಾಗಿ ನನ್ನನ್ನೇ ಕೇಳಿಕೊಂಡ ಪ್ರಶ್ನೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳನ್ನು ನಾನು ತಪ್ಪಿಲ್ಲದೆ ಹೇಳುತ್ತೇನೆ. ಪಂಚಶೀಲವನ್ನು ಪಾಲಿಯಲ್ಲಿ ಹೇಳುತ್ತೇನೆ. ಪ್ರತಿಯೊಂದೂ ಎಲ್ಲಿಂದ ಬಂತು, ಏಕೆ ಬಂತು ಎಂದು ಮಗಳು ಕೇಳಿದರೆ ಹೇಳಬಲ್ಲೆನೇ? ಅಥವಾ ಇಲ್ಲೂ "ಆಯ್ತು ಸಾರ್" ಎನ್ನುತ್ತಿದ್ದೇನೆಯೇ? ಅರ್ಥವಾಗದೆ ಅರ್ಥವಾಯಿತು ಎನ್ನುವುದೂ ಮುಸಾವಾದವೇ. ಭಯದಿಂದ ಹೇಳಿದ ಮಗುವನ್ನು ಕ್ಷಮಿಸಬಹುದು. ನಮ್ಮವರ ನಡುವೆಯೇ ಕೂತಿರುವ ನನಗೆ ಈಗ ಯಾವ ಭಯ?

ಅದಕ್ಕೆ ಮೊನ್ನೆ ಅಧ್ಯಯನದಲ್ಲಿ ಅನತ್ತದ ಬಗ್ಗೆ ಹೇಳುವಾಗ ಕೈ ಎತ್ತಿ, "ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ" ಎಂದೆ. ಯಾರೂ ಕೂತ್ಕೋ ಎನ್ನಲಿಲ್ಲ.

ಮುಂದಿನ ತಿಂಗಳು ಪರೀಕ್ಷೆ. ಪಾಸಾಗುತ್ತೇನೋ ಇಲ್ಲವೋ ಗೊತ್ತಿಲ್ಲ. ಮೈನಸ್ ಮರೆತರೆ ಚೌಕ ಬರೆದುಕೊಳ್ಳುತ್ತೇನೆ.

ಇಂದು ಯೋಚಿಸೋಣ: ನಮ್ಮ ಬಗ್ಗೆ ಬೇರೆಯವರು ಹೇಳಿದ ಯಾವ ಮಾತನ್ನು ನಾವು ಇನ್ನೂ ಬಾಯಿಪಾಠ ಮಾಡಿಕೊಂಡಿದ್ದೇವೆ? ನಮ್ಮ ಮಕ್ಕಳು ಏಕೆ ಎಂದಾಗ ನಾವು ಏನೆನ್ನುತ್ತೇವೆ?

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.