ಹುಡುಗರ ಪತ್ತೇದಾರಿ ಕಾದಂಬರಿಯೂ ಸಂಶಯದ ನ್ಯಾಯವೂ

ಹುಡುಗರಿಗಾಗಿ ಬರೆದ ಪತ್ತೇದಾರಿ ಕಾದಂಬರಿಯು ಗೆದ್ದಿತೋ ಸೋತಿತೋ ಎಂಬದನ್ನು ನಿರ್ಣಯಿಸುವವರು ಬಹುತರವಾಗಿ ಕುತೂಹಲವೊಂದನ್ನೇ ಅಳತೆಗೋಲಾಗಿ ಹಿಡಿಯುತ್ತಾರೆ. ಕೊನೆಯ ಪುಟದವರೆಗೂ ಕಳ್ಳನಾರೆಂಬದು ತಿಳಿಯದಿದ್ದರೆ ಪುಸ್ತಕವು ಒಳ್ಳೆಯದು, ನಡುವೆಯೇ ತಿಳಿದುಬಿಟ್ಟರೆ ಕೆಟ್ಟದ್ದು. ಆದರೆ ಗುಟ್ಟನ್ನು ಮುಚ್ಚಿಡುವದು ಬಹು ಸುಲಭದ ಕೆಲಸ, ಹೇಳದೆ ಇದ್ದರಾಯಿತು. ಹತ್ತು ವರುಷದ ವಾಚಕನಿಗೆ ಸುಳಿವನ್ನೇ ಕೊಡದೆ ಅವನನ್ನು ಬೆರಗುಗೊಳಿಸಿದೆನೆಂದು ಹಿಗ್ಗುವ ಲೇಖಕನು ಎದುರಾಳಿಯ ಕಣ್ಣಿಗೆ ಬಟ್ಟೆ ಕಟ್ಟಿ ಪಗಡೆಯಲ್ಲಿ ಗೆದ್ದವನಂತೆ.

ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವು ಕೂಡಲೆ ವಾಚಕನಿಗೂ ಕಾಣಬೇಕೆಂಬದನ್ನು ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸನು 1929ರಲ್ಲಿ ತಾನು ಹೇಳಿದ ಹತ್ತು ನಿಯಮಗಳಲ್ಲಿ ಒಂದನ್ನಾಗಿ ಮಾಡಿದನು. ಅದೇ ವರುಷ ಜರ್ಮನಿಯಲ್ಲಿ ಎರಿಖ್ ಕೆಸ್ಟ್ನರನ ‘ಎಮಿಲ್ ಮತ್ತು ಪತ್ತೇದಾರರು’ ಹೊರಬಂದಿತು. ಎಮಿಲನೆಂಬ ಹುಡುಗನು ಬರ್ಲಿನ್ನಿಗೆ ಹೋಗುವಾಗ ತಾಯಿ ಕೊಟ್ಟ 140 ಮಾರ್ಕುಗಳನ್ನು ಕೋಟಿನ ಒಳಗೆ ಗುಂಡುಸೂಜಿಯಿಂದ ಚುಚ್ಚಿಟ್ಟುಕೊಳ್ಳುತ್ತಾನೆ. ರೈಲಿನಲ್ಲಿ ನಿದ್ದೆ ಹತ್ತಿದಾಗ ಹಣವು ಹೋಗುತ್ತದೆ. ಕಳ್ಳನು ಯಾರೆಂಬದು ವಾಚಕನಿಗೆ ಆಗಲೇ ಗೊತ್ತು. ಆದರೂ ಪುಸ್ತಕವನ್ನು ಕೆಳಗಿಡಲಾಗುವದಿಲ್ಲ. ಕಡೆಗೆ ಆ ಹಣವು ಹುಡುಗನದೆಂದು ಸಾರುವದು ನೋಟುಗಳಲ್ಲಿ ಉಳಿದ ಸೂಜಿಯ ತೂತುಗಳು. ಸೂಜಿ ಚುಚ್ಚಿದ್ದನ್ನು ವಾಚಕನು ಮೊದಲೇ ಕಂಡಿದ್ದನು, ಕಂಡೂ ಮರೆತಿದ್ದನು. ಈ ಮರವೆಯಲ್ಲಿಯೇ ಅವನ ಆನಂದವಿದೆ.

ಗುಳೇದಗುಡ್ಡದ ಖಣವನ್ನು ಮಗುಚಿ ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಹಾಸಿನಲ್ಲಿ ಹೆಚ್ಚಿನ ಎಳೆಗಳನ್ನು ಕೂಡಿಸಿ ನೇಕಾರನು ತೇರು ಮೊದಲಾದ ಚಿತ್ರಗಳನ್ನು ಎತ್ತುತ್ತಾನೆ. ಮೇಲೆ ಬೇಡವಾದಲ್ಲಿ ಆ ಎಳೆಯು ಕಡಿದುಹೋಗದೆ ಬೆನ್ನಿಗಿಳಿದು ಸಾಗಿರುತ್ತದೆ. ಮುಂದೆ ಬೇಕಾದಲ್ಲಿ ಮತ್ತೆ ಮೇಲೇಳುತ್ತದೆ. ನೆಯ್ದು ಮುಗಿದ ಬಟ್ಟೆಯ ಮೇಲೆ ಬಣ್ಣ ಬರೆದು ತೇರನ್ನು ಮೂಡಿಸಿದರೆ ಅದು ಖಣವೆನಿಸದು.

ಇಷ್ಟು ಕುಶಲತೆಯ ಮಾತಾಯಿತು. ಇದಕ್ಕಿಂತ ಗಹನವಾದ ಪ್ರಶ್ನೆ ಬೇರೊಂದುಂಟು: ಇಂಥ ಪುಸ್ತಕವು ಹುಡುಗನಿಗೆ ಯಾರನ್ನು ಸಂಶಯಿಸಲು ಕಲಿಸುತ್ತದೆ? ದೊಡ್ಡವರು ಪುಸ್ತಕ ಮುಚ್ಚಿದೊಡನೆ ಸಂಶಯವನ್ನು ಅಲ್ಲಿಯೇ ಬಿಟ್ಟಾರು. ಹುಡುಗನು ಅದನ್ನು ಓಣಿಗೆ ಒಯ್ಯುತ್ತಾನೆ. (ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳು ದೊಡ್ಡವರಿಗಾಗಿ ಹುಟ್ಟಿದವು. ಆದರೂ ಅವನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟು ಓದಿದ ಹುಡುಗರು ಕನ್ನಡ ನಾಡಿನಲ್ಲಿ ಕಡಿಮೆಯಿಲ್ಲ.)

ವಾಚಕರು ಒಂದು ಕಥೆಯನ್ನು ಊಹಿಸಿಕೊಳ್ಳಲಿ. ಗುಳೇದಗುಡ್ಡದ ನೇಕಾರನೊಬ್ಬನ ಮನೆಯಿಂದ ಖಣದ ಗಂಟೊಂದು ಮಾಯವಾಗಿದೆ. ಓಣಿಯ ಮೂವರು ಹುಡುಗರು ಪತ್ತೆಗೆ ಹೊರಟಿದ್ದಾರೆ. ಊರ ಹೊರಗೆ ಅಲೆಮಾರಿಗಳು ಗುಡಾರ ಹಾಕಿಕೊಂಡಿದ್ದಾರೆ. ಅಲ್ಲಿಯೇ ಗಂಟು ಸಿಕ್ಕಿತೆಂದು ಬರೆದರೆ ಕಾದಂಬರಿಯು ಸೋತಿತು. ಯಾಕಂದರೆ ಹುಡುಗನು ಬುದ್ಧಿಯನ್ನು ಉಪಯೋಗಿಸುವ ಮೊದಲೇ ಊರವರ ಬಾಯಲ್ಲಿ ಆ ಉತ್ತರವಿದ್ದಿತು. ಇದು ಬರಿಯ ಕಲ್ಪನೆಯ ಭಯವಲ್ಲ. 1871ರಲ್ಲಿ ಹುಟ್ಟಿ 1911ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಹಬ್ಬಿದ ಕಾಯಿದೆಯೊಂದು ಹಲವು ಅಲೆಮಾರಿ ಕುಲಗಳನ್ನೇ ಹುಟ್ಟುಗಳ್ಳರೆಂದು ದಾಖಲೆಗೆ ಹಚ್ಚಿದ್ದಿತು. ಗುಳೇದಗುಡ್ಡವು ಆಗ ವಿಜಾಪುರ ಜಿಲ್ಲೆಯದು. ವಿಜಾಪುರದಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಅಂಥವರನ್ನು ಕೂಡಿಹಾಕುವ ಸೆಟ್ಲಮೆಂಟುಗಳಿದ್ದವು. ಆ ಕಾಯಿದೆಯು 1952ರಲ್ಲಿ ರದ್ದಾಯಿತು. ಆದರೆ ಊರ ಬಾಯಿಯ ಕಾಯಿದೆಗೆ ರದ್ದತಿಯೆಂಬದಿಲ್ಲ. ಕಥೆ ಬರೆಯುವವನು ಅದಕ್ಕೆ ಗುಮಾಸ್ತನಾಗಬಾರದು.

ಇದಕ್ಕೆ ಒಂದು ಆಕ್ಷೇಪವುಂಟು. ಬಡವನೂ ಪರದೇಶಿಯೂ ಯಾವಾಗಲೂ ನಿರಪರಾಧಿಗಳೆಂದಾದರೆ ಕಾದಂಬರಿಯು ನೀತಿಪಾಠವಾಗುವದು, ಚುರುಕು ಹುಡುಗನು ಎರಡನೆಯ ಅಧ್ಯಾಯದಲ್ಲಿಯೇ ಅದನ್ನು ಕಂಡುಹಿಡಿಯುವನು. ಆಕ್ಷೇಪವು ನಿಜವಾದುದೇ. ವಡ್ಡಾರಾಧನೆಯಲ್ಲಿ ಬರುವ ವಿದ್ಯುಚ್ಚೋರನು ಹಗಲು ಕುಷ್ಠರೋಗಿಯಂತೆ ತೋರಿಕೊಂಡು ಇರುಳು ಕಳವು ಮಾಡುವವನು. ತಳಾರನಾದ ಯಮದಂಡನು ಅವನನ್ನು ಹಿಡಿದು ತಂದರೆ, ಇಂಥ ರೋಗಿಯು ಕಳ್ಳನಾದಾನೇ ಎಂದು ನೋಡುವವರಿಗೆ ಅನಿಸುತ್ತದೆ. ಆದರೆ ಕಳ್ಳನು ಅವನೇ. ತಿರಸ್ಕಾರವು ಹೇಗೆ ಸಾಕ್ಷ್ಯವಲ್ಲವೋ ಹಾಗೆಯೇ ಕನಿಕರವೂ ಸಾಕ್ಷ್ಯವಲ್ಲ. ಗುಡಾರದವನೇ ಕಳ್ಳನಾಗಲಿ ಬೇಕಾದರೆ. ಸೂಜಿಯ ತೂತಿನಂಥ ಗುರುತೊಂದು ಅವನ ಕೈಯಲ್ಲಿ ಕಾಣಲಿ.

ಕೆಸ್ಟ್ನರನು ಇನ್ನೂ ಒಂದು ಜಾಣತನ ಮಾಡಿದ್ದಾನೆ. ಎಮಿಲನು ಊರಲ್ಲಿ ಒಂದು ಶಿಲಾಪ್ರತಿಮೆಗೆ ಮೀಸೆ ಬರೆದು ಬಂದವನು. ಆದುದರಿಂದ ಹಣ ಕಳೆದುಕೊಂಡರೂ ಪೋಲೀಸರ ಬಳಿ ಹೋಗಲಂಜುತ್ತಾನೆ. ಬೇಟೆಯಾಡುವ ಹುಡುಗನೇ ತನ್ನನ್ನು ಯಾರಾದರೂ ಹಿಡಿದಾರೆಂಬ ಭಯದಲ್ಲಿದ್ದಾನೆ! ಈ ಒಂದು ಸಣ್ಣ ಅಪರಾಧವಿಲ್ಲದಿದ್ದರೆ ಅವನು ಸೊಕ್ಕಿನ ಬಾಲಪತ್ತೇದಾರನಾಗುತ್ತಿದ್ದನು. ಅಂಥವರ ಸಂಖ್ಯೆಯು ಪುಸ್ತಕಗಳಲ್ಲಿ ಈಗಾಗಲೇ ಸಾಕಷ್ಟಿದೆ.

ಖಣದ ಗಂಟಿನ ಕಥೆಯಲ್ಲಿ ಅಲೆಮಾರಿಗಳು ನಿರ್ದೋಷಿಗಳೆಂದೂ, ಗಂಟು ಮನೆಯವರೊಬ್ಬರ ಕೈಯಿಂದಲೇ ಹೋಗಿತ್ತೆಂದೂ ಲೇಖಕನು ತೀರ್ಮಾನಿಸಿದನೆನ್ನೋಣ. ಆಗಲೂ ಪರೀಕ್ಷೆ ಮುಗಿಯುವದಿಲ್ಲ. ನಾಲ್ಕು ಅಧ್ಯಾಯಗಳುದ್ದಕ್ಕೂ ಆ ಗುಡಾರಗಳನ್ನು ಇಣಿಕಿ ನೋಡಿ, ಮಕ್ಕಳ ಚೀಲಗಳನ್ನು ತಡವಿ, ಫೌಜದಾರನಿಗೆ ಸುದ್ದಿ ಮುಟ್ಟಿಸಿದ ಆ ಮೂವರು, ಗಂಟು ಸಿಕ್ಕಿದ ಮೇಲೆ ಮತ್ತೊಮ್ಮೆ ಅತ್ತ ಹೋಗುತ್ತಾರೆಯೇ? ಹೋದಾಗ ಗುಡಾರಗಳು ಅಲ್ಲಿ ಇರುತ್ತವೆಯೇ, ಒಲೆಯ ಮೂರು ಕಲ್ಲುಗಳು ಮಾತ್ರ ಉಳಿದಿರುತ್ತವೆಯೇ? ಬಹಳ ಕಾದಂಬರಿಗಳಲ್ಲಿ ಆ ಹೊತ್ತಿಗೆ ಹುಡುಗರು ಸಿಹಿಯೂಟಕ್ಕೆ ಕುಳಿತಿರುತ್ತಾರೆ.